ಹಳೇ ಸಿಪಿಯು, ಹೊಸ ಲಿನಕ್ಸ್, ಬಾರದ ಡಿಸ್‌ಪ್ಲೇ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಒಲ್ಲೆನೆನ್ನುವ ಯಂತ್ರ ಇಟ್ಟುಕೊಂಡವರಿಗೆ ಗಂಗಾವತಿಯಿಂದ ಯಲಬುರ್ಗಾದ ತನಕ ಸಿಗುವ ಸಲಹೆ ಒಂದೇ: ‘ಲಿನಕ್ಸ್ ಹಾಕ್ಸ್ರಿ, ಹೊಸಾದರಂಗ ಓಡ್ತೈತಿ.’ ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಪ್ರೊಸೆಸರು, ಮೆಮೊರಿಯ ಮಟ್ಟಿಗೆ ಅದು ನಿಜ. ಓಎಸ್ ಹಾಕಿ ಮುಗಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲೆ ‘ಡಿಸ್‌ಪ್ಲೇನ ಬರವಲ್ದರೀ’ ಎಂದು ಫೋನು ಬರುವುದೂ ಅಷ್ಟೇ ನಿಜ. ಹಳೇ ಯಂತ್ರದ ಮೇಲೆ ಲಿನಕ್ಸ್ ಎಷ್ಟು ಯೋಗ್ಯ ಎಂಬುದನ್ನು ಎಲ್ಲರೂ ವೇಗದಲ್ಲಿ ಅಳೆಯುತ್ತಾರೆ, ಅಳೆಯಬೇಕಾದ್ದು ಪರದೆಯಲ್ಲಿ.

ನಮ್ಮ ಭಾಗದಲ್ಲಿ ಕಾಣುವ ಹಳೇ ಸಿಪಿಯುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಪನಿಗಳು ಬಿಟ್ಟು, ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆಯಿಂದ ಬರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಕಾಂಪ್ಯಾಕ್ ಒಂದು. ಇವುಗಳಲ್ಲಿ ಬಹುಪಾಲಿಗೆ ಇಂಟೆಲ್‌ನದೇ ಗ್ರಾಫಿಕ್ಸ್. ಇನ್ನೊಂದು, ಅಂಗಡಿಯಲ್ಲೇ ಜೋಡಿಸಿದ್ದು. ಡಿಟಿಪಿಗೋ ಮಗನ ಗೇಮಿಗೋ ಎಂದು ಎನ್‌ವಿಡಿಯಾದ ಜಿಫೋರ್ಸ್ 210, ಜಿಟಿ 610 ಅಥವಾ ಜಿಟಿ 710 ಕಾರ್ಡು ಹಾಕಿಸಿಕೊಂಡದ್ದು. ಕೊಂಡ ದಿನ ಎರಡನೆಯದೇ ಮೇಲೆನಿಸಿತ್ತು. ಇವತ್ತು ಲೆಕ್ಕ ತಿರುಗಿದೆ.

ತಿರುಗಿಸಿದ್ದು ಡ್ರೈವರು. ಇಂಟೆಲ್ ಡ್ರೈವರಿನ ಮೂಲ ಕೋಡ್ ಬಹಿರಂಗವಾಗಿದೆ. ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಮತ್ತು ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯಲ್ಲಿ ಎಲ್ಲರ ಕಣ್ಣೆದುರು ಇದೆ. ಹಾಗಾಗಿ 2021ರಲ್ಲಿ ಡೇವ್ ಏರ್ಲಿ ಎಂಬ ಡೆವಲಪರ್‌ಗೆ 2006ರ ಕಾಲದ ಇಂಟೆಲ್ ಚಿಪ್ಪುಗಳಿಂದ ಹಿಡಿದು ‘ಕ್ರೋಕಸ್’ ಎಂಬ ಹೊಸ ಡ್ರೈವರನ್ನೇ ಬರೆಯಲು ಸಾಧ್ಯವಾಯಿತು. ಹದಿನೈದು ವರ್ಷದ ಚಿಪ್ಪಿಗೆ ಹೊಸ ಡ್ರೈವರು! ವಿಂಡೋಸ್ ಲೋಕದಲ್ಲಿ ಇಂಥದ್ದನ್ನು ಕನಸಿನಲ್ಲೂ ಕೇಳುವಂತಿಲ್ಲ. ಎನ್‌ವಿಡಿಯಾದ್ದು ಮುಚ್ಚಿದ ಕೋಡ್. 210ಕ್ಕೆ ಬೇಕಾದ 340 ಸರಣಿಯ ಡ್ರೈವರಿನ ಬೆಂಬಲ 2019ರ ಕೊನೆಗೆ ಮುಗಿಯಿತು, 610ರ 390 ಸರಣಿ 2022ರಲ್ಲಿ, 710ರ 470 ಸರಣಿ 2024ರಲ್ಲಿ. ಬೆಂಬಲ ಮುಗಿದ ದಿನವೇ ಪರದೆ ಹೋಗುವುದಿಲ್ಲ, ಅದೇ ಕಾಟ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಆ ಡ್ರೈವರಿನ ಮಾಡ್ಯೂಲನ್ನು ಹೊಸ ಕರ್ನಲ್‌ಗೆ ತಕ್ಕಂತೆ ಮತ್ತೆ ಕಟ್ಟಬೇಕು. ಒಂದು ದಿನ ಕಟ್ಟುವುದು ಕೈಕೊಡುತ್ತದೆ. ನಿನ್ನೆ ಸಂಜೆ ನೆಟ್ಟಗಿದ್ದ ಯಂತ್ರ ಇವತ್ತು ಬೆಳಿಗ್ಗೆ ಕಪ್ಪು. ಬಳಸುವವರಿಗೆ ತಾವೇನು ಮಾಡಿದೆವೆಂದೇ ತಿಳಿಯದು, ಮಾಡಿದ್ದೂ ಏನಿಲ್ಲ.

ಆಗ ಉಳಿಯುವುದು ನೂವೋ. ಇದು ಎನ್‌ವಿಡಿಯಾ ಕಾರ್ಡುಗಳ ವರ್ತನೆಯನ್ನು ಹೊರಗಿನಿಂದ ಪರೀಕ್ಷಿಸಿ, ಊಹಿಸಿ ಸ್ವಯಂಸೇವಕರು ಬರೆದ ಡ್ರೈವರು. 2010ರಿಂದ ಕರ್ನಲ್‌ನಲ್ಲೇ ಇದೆ. ಅದರ ಬಗ್ಗೆ ನನಗೆ ಗೌರವವಿದೆ, ಭರವಸೆ ಕಡಿಮೆ. ಜಿಟಿ 610ರಂಥ ಕಾರ್ಡಿನ ವೇಗ ಏರಿಸುವ ವಿದ್ಯೆ ಅದಕ್ಕೆ ಒಲಿಯಲೇ ಇಲ್ಲ. ಬೂಟ್ ಆದಾಗಿನ ನಿಧಾನ ಗತಿಯಲ್ಲೇ ಕಾರ್ಡು ಬದುಕು ಸಾಗಿಸುತ್ತದೆ. 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎನ್‌ವಿಡಿಯಾಕ್ಕೆ ಬೆರಳು ತೋರಿಸಿ ಬೈದದ್ದು ಜಗಜ್ಜಾಹೀರು. ಹತ್ತು ವರ್ಷದ ನಂತರ, 2022ರಲ್ಲಿ, ಕಂಪನಿ ಕರ್ನಲ್ ಮಾಡ್ಯೂಲುಗಳ ಕೋಡನ್ನು ತೆರೆಯಿತು, ಆದರೆ 2018ರಿಂದೀಚಿನ ಟ್ಯೂರಿಂಗ್ ಪೀಳಿಗೆಯ ಕಾರ್ಡುಗಳಿಗೆ ಮಾತ್ರ. ಕುಷ್ಟಗಿಯ ಜಿಟಿ 610ಕ್ಕೆ ಅದರಿಂದ ಬಂದದ್ದು ಏನೂ ಇಲ್ಲ.

ಇಲ್ಲಿ ರಿಪೇರಿಯವರಿಗೆ ಪ್ರಿಯವಾದ ಮದ್ದು ಪ್ರವೇಶಿಸುತ್ತದೆ: ‘ನೋಮೋಡ್‌ಸೆಟ್’. ಬೂಟ್ ಸಾಲಿನಲ್ಲಿ ಈ ಒಂದು ಪದ ಸೇರಿಸಿದರೆ ಕಪ್ಪು ಪರದೆ ಬೆಳಗುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ. ಇದನ್ನು ದುರಸ್ತಿ ಎನ್ನಲು ನಾನು ತಯಾರಿಲ್ಲ. ಆ ಪದ ಗ್ರಾಫಿಕ್ಸ್ ಡ್ರೈವರನ್ನು ಒಳಗೇ ಬಿಡುವುದಿಲ್ಲ. ಚಿತ್ರ ಬಿಡಿಸುವ ಭಾರವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಹಳೇ ಕೋರ್ 2 ಡ್ಯುಯೋ ಒಂದು ಕಿಟಕಿ ಜರುಗಿಸಲೂ ಏದುಸಿರು ಬಿಡುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಫ್ಯಾನು ಕಿರುಚುತ್ತದೆ. ಲ್ಯಾಪ್‌ಟಾಪಾದರೆ ಬೆಳಕು ಏರಿಸಿ ಇಳಿಸುವ ಗುಂಡಿ ಕೆಲಸ ಮಾಡುವುದಿಲ್ಲ, ಪ್ರೊಜೆಕ್ಟರ್ ಚುಚ್ಚಿದರೆ ಎರಡನೇ ಪರದೆಯಾಗಿ ಅದು ಸಿಗುವುದಿಲ್ಲ. ಶಾಲೆಗೆ ಪ್ರೊಜೆಕ್ಟರಿನಲ್ಲಿ ಏನೂ ತೋರಿಸದ ಲ್ಯಾಪ್‌ಟಾಪ್ ಯಾಕೆ ಬೇಕು? ತೊಂದರೆ ಎಲ್ಲಿದೆಯೆಂದು ಹುಡುಕಲು ಒಮ್ಮೆ ಬಳಸುವ ಉಪಾಯವನ್ನು ಕಾಯಂ ಮಾಡಿಟ್ಟು, ‘ಲಿನಕ್ಸ್ ಸ್ಲೋ ರೀ’ ಎಂಬ ಅಪವಾದವನ್ನೂ ಅದರ ಜೊತೆಗೇ ಕಟ್ಟಿ ಕಳಿಸಲಾಗುತ್ತದೆ.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಪೆಟ್ಟು. ಡ್ರೈವರಿಲ್ಲದ ಪರದೆ ಸಾಮಾನ್ಯವಾಗಿ 1024×768ಕ್ಕೆ ನಿಲ್ಲುತ್ತದೆ. 1366×768ರ ಮಾನಿಟರು ಅದನ್ನು ಅಡ್ಡಕ್ಕೆ ಎಳೆದು ತೋರಿಸುತ್ತದೆ. ಇಂಗ್ಲಿಷಿನ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ‘ಸ್ತ್ರೀ’, ‘ಲಕ್ಷ್ಮಿ’ ಬರೆದು ನೋಡಿ, ಒತ್ತಕ್ಷರಗಳು ಮಸಿಯ ಚುಕ್ಕೆಯಾಗುತ್ತವೆ. ಕಾಲಿದ್ದರೆ ಹಂಪಿ, ಕಣ್ಣಿದ್ದರೆ ಕನಕಗಿರಿ ಎನ್ನುವ ಸೀಮೆಯಲ್ಲಿ ಕನ್ನಡದ ಒತ್ತು ಕಾಣದ ಪರದೆಯನ್ನು ಸರಿಯಿದೆ ಎಂದು ಒಪ್ಪಿಕೊಳ್ಳುವುದು ಹೇಗೆ?

ಎಲ್ಲವೂ ಡ್ರೈವರಿನ ತಪ್ಪಲ್ಲ ಎಂಬುದನ್ನೂ ಹೇಳಬೇಕು. ವಿಜಿಎ ವೈರಿನ 12 ಮತ್ತು 15ನೇ ಪಿನ್ನುಗಳ ಮೂಲಕ ಮಾನಿಟರು ತನ್ನ ಅಳತೆಯನ್ನು ಯಂತ್ರಕ್ಕೆ ತಿಳಿಸುತ್ತದೆ. ಅಗ್ಗದ ವೈರುಗಳಲ್ಲಿ ಆ ತಂತಿಗಳೇ ಇರದಿದ್ದರೆ ಎಂಥ ಒಳ್ಳೆಯ ಡ್ರೈವರೂ ಸಣ್ಣ ಅಳತೆಗೆ ಇಳಿಯುತ್ತದೆ. ಓಎಸ್ ಬದಲಿಸುವ ಮುಂಚೆ ವೈರು ಬದಲಿಸಿ ನೋಡುವುದು ಅಗ್ಗ.

ಎನ್‌ವಿಡಿಯಾವನ್ನೇ ಬೈದು ಕೈ ತೊಳೆದುಕೊಂಡರೆ ವಿಮರ್ಶೆ ಸುಳ್ಳಾಗುತ್ತದೆ. 2011ರ ಗ್ನೋಮ್ 3 ಡೆಸ್ಕ್‌ಟಾಪ್ ತ್ರೀಡಿ ವೇಗವರ್ಧನೆ ಇಲ್ಲದೆ ತನ್ನ ಮುಖವನ್ನೇ ತೋರದಾಯಿತು. ಇಲ್ಲದವರಿಗೆಂದು ಇಟ್ಟಿದ್ದ ಸರಳ ರೂಪವನ್ನು 2013ರಲ್ಲಿ ಕಿತ್ತುಹಾಕಿತು. 2022ರಲ್ಲಿ ಮೆಸಾ ತನ್ನ ಹಳೇ ಡ್ರೈವರುಗಳ ಗುಂಪನ್ನು ಮುಖ್ಯ ಕೋಡಿನಿಂದ ಹೊರಗಿಟ್ಟಿತು. ಪೆಂಟಿಯಮ್ 4 ಕಾಲದ ಇಂಟೆಲ್ 845, 865 ಬೋರ್ಡುಗಳ ತ್ರೀಡಿ ಅಲ್ಲಿಗೆ ಮುಗಿಯಿತು. ವಿಂಡೋಸ್ 10 ನಿಲ್ಲುವ ಐದು ದಿನ ಮುಂಚೆ, 2025ರ ಅಕ್ಟೋಬರ್ 9ಕ್ಕೆ, ಬಿಡುಗಡೆಯಾದ ಉಬುಂಟು 25.10ರ ಗ್ನೋಮ್‌ನಲ್ಲಿ ಪರದೆ ನಿಭಾಯಿಸುವ ಹಳೆಯ ಎಕ್ಸ್ ವ್ಯವಸ್ಥೆಯ ಸೆಷನ್ ಇಲ್ಲ, ಬರೀ ಅದರ ಜಾಗಕ್ಕೆ ಬಂದ ವೇಲ್ಯಾಂಡ್. ಮುಚ್ಚಿದ ಹಳೇ ಡ್ರೈವರುಗಳು ನಂಬಿದ್ದು ಎಕ್ಸ್ ಅನ್ನೇ. ಹಳೇ ಯಂತ್ರಗಳವರು ಬಾಗಿಲಿಗೆ ಬರುವ ಹೊತ್ತಿಗೇ ಮೆಟ್ಟಿಲು ಕಿತ್ತಂತಾಯಿತು. ಡೆವಲಪರುಗಳ ವಾದವೂ ಸುಳ್ಳಲ್ಲ: ಯಾರೂ ಪರೀಕ್ಷಿಸದ ಕೋಡನ್ನು ಎಷ್ಟು ದಿನ ಹೊರುವುದು? ಆದರೆ ಪರೀಕ್ಷಿಸಬಲ್ಲ ಯಂತ್ರಗಳು ಅವರ ಮೇಜಿನ ಮೇಲಿಲ್ಲ, ಯಲಬುರ್ಗಾದಲ್ಲಿವೆ. ಅಲ್ಲಿಂದ ದೂರು ಬರೆಯುವವರಿಲ್ಲ.

ಯಾಕಿಲ್ಲ? ಶಾಲೆಗಳನ್ನೇ ನೋಡಿ. 2011ರ ಸುಮಾರಿಗೆ ರಾಜ್ಯದ ಶಿಕ್ಷಕ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ನಮ್ಮ ಹೈಸ್ಕೂಲು ಮೇಷ್ಟ್ರುಗಳ ಕೈಗೆ ಉಬುಂಟು, ಗಣಿತ ಕಲಿಸುವ ಜಿಯೋಜಿಬ್ರಾ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ ಶಾಲೆಗಳ ಅನೇಕ ಯಂತ್ರಗಳು ಬಂದದ್ದು ಏಜೆನ್ಸಿ ಗುತ್ತಿಗೆಯಲ್ಲಿ; ಅವಧಿ ಮುಗಿದ ಮೇಲೆ ಅವು ಶಾಲೆಯ ಪಾಲಾದವು, ನೋಡಿಕೊಳ್ಳುವವರು ಪಾಲಿಗೆ ಬರಲಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಕೇರಳದ ಐಟಿ ಅಟ್ ಸ್ಕೂಲ್ 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂಬ ಕಂಪನಿಯಾಯಿತು. ಉಬುಂಟು ಆಧರಿಸಿ ತಾನೇ ಸಿದ್ಧಪಡಿಸಿದ ಒಂದೇ ಲಿನಕ್ಸನ್ನು ರಾಜ್ಯದ ಶಾಲೆಗಳಿಗೆಲ್ಲ ಕೊಡುತ್ತದೆ, ಐಟಿ ಪಠ್ಯವೂ ಕನ್ನಡದಲ್ಲಿ ಸಿಗುತ್ತದೆ. ಒಂದೇ ವ್ಯವಸ್ಥೆ ಇದ್ದಾಗ ಒಂದು ಶಾಲೆಯ ಕಪ್ಪು ಪರದೆಯ ಉತ್ತರ ಇನ್ನೊಂದು ಶಾಲೆಗೂ ಆಗಿಬರುತ್ತದೆ. ನಮ್ಮಲ್ಲಿ ಪ್ರತಿ ಮೇಷ್ಟ್ರೂ ತನ್ನ ಕತ್ತಲೆಯನ್ನು ತಾನೇ ತಡವಬೇಕು.

ಸದ್ಯಕ್ಕೆ ನನ್ನ ತೀರ್ಪು ಹೀಗಿದೆ. ಇಂಟೆಲ್ ಗ್ರಾಫಿಕ್ಸಿನ ಹಳೇ ಯಂತ್ರ, ಮೇಲೆ ಡೆಬಿಯನ್ ಅಥವಾ ಮಿಂಟ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್: ಧೈರ್ಯವಾಗಿ ತಗೊಳ್ಳಿ. ಅಂಗಡಿಯಲ್ಲೇ ಪೆನ್‌ಡ್ರೈವಿನಿಂದ ಬೂಟ್ ಮಾಡಿಸಿ, ವಿಡಿಯೊ ಓಡಿಸಿ, ಸಾಧ್ಯವಾದರೆ ಪ್ರೊಜೆಕ್ಟರೂ ಚುಚ್ಚಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ. ಎನ್‌ವಿಡಿಯಾ ಕಾರ್ಡಿರುವ ಹಳೇ ಜೋಡಣೆಯಾದರೆ ಕಾರ್ಡನ್ನು ಕಿತ್ತಿಡಿ, ಬೋರ್ಡಿನ ಹಿಂದೆಯೇ ಇರುವ ಇಂಟೆಲ್ ಪೋರ್ಟಿಗೆ ಮಾನಿಟರಿನ ವೈರು ಹಾಕಿ. ಅಂಥ ಪೋರ್ಟೇ ಇಲ್ಲದ ಬೋರ್ಡಿದ್ದರೆ ನೂವೋ ಜೊತೆ ನಿಧಾನವಾಗಿ ಬಾಳಬೇಕು. ‘ಹೊಸಾದರಂಗ ಓಡ್ತೈತಿ’ ಎಂದು ಅದನ್ನು ಯಾರಿಗೂ ಮಾರಬಾರದು.