ಚೊಗರೋ, ನೆತ್ತರೋ: ಥ್ರಿಲ್ಲರ್ ಚಿತ್ರದ ಮೊದಲ ಪುಟಕ್ಕೊಂದು ವ್ಯಾಖ್ಯಾನ

ಥ್ರಿಲ್ಲರ್ ಚಿತ್ರ ಹೇಗೆ ಶುರುವಾಗಬೇಕು ಎಂಬುದಕ್ಕೆ ಈಗ ಒಂದು ರೂಢಿಯೇ ಬಿದ್ದುಹೋಗಿದೆ. ಕೆಳಗಿನ ಆರು ಸಾಲುಗಳನ್ನು ಯಾವ ಚಿತ್ರದಿಂದಲೂ ಎತ್ತಿಲ್ಲ. ಆ ರೂಢಿಯನ್ನೇ ಹಿಡಿದು, ಕಥೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಡೆಯುತ್ತದೆ ಎಂದಿಟ್ಟುಕೊಂಡು, ಅರ್ಥ ಬಿಡಿಸುವುದಕ್ಕೆಂದೇ ಕಟ್ಟಿದ್ದು. ಸೆನ್ಸಾರ್ ಪತ್ರ, ತಂಬಾಕಿನ ಎಚ್ಚರಿಕೆ, ಧನ್ಯವಾದದ ಉದ್ದನೆ ಪಟ್ಟಿ ಎಲ್ಲ ಸರಿದುಹೋಗಿವೆ, ಪರದೆ ಕಪ್ಪಾಗಿದೆ.

“ಈ ಚಿತ್ರದ ಪಾತ್ರಗಳು, ಸನ್ನಿವೇಶಗಳು ಕೇವಲ ಕಾಲ್ಪನಿಕ.”

ವಕೀಲರು ಬರೆಸಿದ ಸಾಲು, ಯಾರೂ ಓದುವುದಿಲ್ಲ. ಆದರೆ ಇದರ ಬೆನ್ನಿಗೆ ನಿಜವಾದ ಕೊಲೆಯೊಂದಿದೆ. ರಷ್ಯಾದ ರಾಸ್ಪುಟಿನ್‌ನನ್ನು 1916ರಲ್ಲಿ ಮುಗಿಸಿದವರಲ್ಲಿ ರಾಜಕುಮಾರ ಯೂಸುಪೊವ್ ಒಬ್ಬ. 1932ರಲ್ಲಿ ಎಂಜಿಎಂ ಕಂಪನಿ ಅದನ್ನು ಸಿನಿಮಾ ಮಾಡಿತು. ಅದರಲ್ಲಿನ ಒಂದು ಹೆಣ್ಣುಪಾತ್ರ ತಾನೇ ಎಂದು ಜನ ತಿಳಿಯುತ್ತಾರೆ, ತನ್ನ ಮಾನ ಹೋಯಿತು ಎಂದು ಯೂಸುಪೊವ್‌ನ ಹೆಂಡತಿ ಇರೀನಾ ಲಂಡನ್ನಿನಲ್ಲಿ ದಾವೆ ಹೂಡಿದಳು. 1934ರಲ್ಲಿ 25,000 ಪೌಂಡ್ ಪರಿಹಾರ ಗೆದ್ದಳು. ‘ಎಲ್ಲವೂ ಕಾಲ್ಪನಿಕ’ ಎಂದು ಮೊದಲೇ ಕೈತೊಳೆದುಕೊಳ್ಳುವ ಪದ್ಧತಿ ಆ ಹೊಡೆತದ ಮೇಲೆ ಊರಿಕೊಂಡಿತು.

“ನೈಜ ಘಟನೆಯಿಂದ ಪ್ರೇರಿತ.”

ಈಗಷ್ಟೇ ಹೇಳಿದ್ದಕ್ಕೆ ತದ್ವಿರುದ್ಧ. ಪ್ರೇಕ್ಷಕ ತಕರಾರು ತೆಗೆಯುವುದಿಲ್ಲ, ಮೊದಲನೆಯದು ಕೋರ್ಟಿಗೆ, ಎರಡನೆಯದು ತನಗೆ ಎಂದು ಅವನಿಗೆ ಗೊತ್ತು. ಕೋಯೆನ್ ಸಹೋದರರ ‘ಫಾರ್ಗೊ’ (1996) ಇಂಥದೇ ಮಾತಿನಿಂದ ಶುರುವಾಗುತ್ತದೆ, ಕಥೆ ಮಾತ್ರ ಕಟ್ಟಿದ್ದು. ನಮ್ಮ ‘6-5=2’ (2013) ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳು ಎಂಬ ಸೋಗು ಹಾಕಿಯೇ ಜನರನ್ನು ಹೆದರಿಸಿತು.

“ಕೊಪ್ಪ ತಾಲ್ಲೂಕು. ಜುಲೈ 2005. ರಾತ್ರಿ 11.40.”

ಊರು, ದಿನ, ಗಳಿಗೆಯನ್ನು ಪರದೆಯ ಮೇಲೆ ಬರೆಯುವ ಚಟಕ್ಕೆ ‘ಸೈಕೊ’ (1960) ದೊಡ್ಡ ಮೇಲ್ಪಂಕ್ತಿ. ಫೀನಿಕ್ಸ್ ನಗರ, ಡಿಸೆಂಬರ್ 11, ಶುಕ್ರವಾರ, ಮಧ್ಯಾಹ್ನ ಎರಡು ನಲವತ್ತಮೂರು ಎಂದು ಹಿಚ್‌ಕಾಕ್ ಲೆಕ್ಕ ಕೊಡುತ್ತಾನೆ. ಬೀದಿಯಲ್ಲಿ ಕ್ರಿಸ್‌ಮಸ್ ತೋರಣಗಳು ಚಿತ್ರೀಕರಣದಲ್ಲಿ ಸೇರಿಬಿಟ್ಟಿದ್ದವು, ಅದಕ್ಕೆ ತಾರೀಖು ಹಾಕಬೇಕಾಯಿತು ಎಂದು ಹೇಳುವುದುಂಟು. ಕಾರಣ ಏನಿದ್ದರೂ ಆ ನಿಮಿಷದ ಲೆಕ್ಕ ಪೊಲೀಸ್ ಡೈರಿಯ ಗತ್ತು ತಂದಿತು.

ಬೆಂಗಳೂರಿನ ಪ್ರೇಕ್ಷಕನಿಗೆ ‘ಕೊಪ್ಪ, 2005’ ಎಂದರೆ ಬರೀ ವಿಳಾಸ. ಇಲ್ಲಿಯವರಿಗೆ ಹಾಗಲ್ಲ. ಆ ವರ್ಷದ ಫೆಬ್ರವರಿ 6ರಂದು ಇದೇ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ಹಾಗಾಗಿ ಮುಂದಿನ ಸಾಲಿನ ಕಾರು ಕಾಣುವುದಕ್ಕೂ ಮೊದಲೇ ಇಲ್ಲಿನವರ ತಲೆಯಲ್ಲಿ ಪ್ರಶ್ನೆ ಎದ್ದಿರುತ್ತದೆ: ಆ ವರ್ಷ, ಅಷ್ಟು ಹೊತ್ತಿನಲ್ಲಿ ಕಾಡಿನ ಹಾದಿ ಹಿಡಿದವನನ್ನು ಯಾರೂ ತಡೆದು ಕೇಳಲಿಲ್ಲವೆ? ನಿರ್ದೇಶಕ ಬೇಕೆಂದೇ ಇಟ್ಟ ಇಸವಿಯಾದರೆ ಶಹಬ್ಬಾಸ್ ಅನ್ನಬೇಕು. ಕೈಗೆ ಸಿಕ್ಕ ಇಸವಿ ಹಾಕಿದ್ದರೆ ಮುಂದಿನ ಎರಡು ಗಂಟೆ ಈ ಪ್ರಶ್ನೆ ಅವನನ್ನು ಬಿಡುವುದಿಲ್ಲ.

“ಮಳೆ. ಕಾಡಿನ ರಸ್ತೆ. ಒಂಟಿ ಕಾರು. ಇಳಿದವನ ಬೂಟು ಕಾಣುತ್ತದೆ, ಮುಖ ಕಾಣುವುದಿಲ್ಲ.”

ಮಳೆ ಎಂದರೆ ಕೇಡು ಬರುತ್ತಿದೆ ಎಂಬುದು ಬಯಲುಸೀಮೆಯವರ, ಇಲ್ಲವೇ ಹಾಲಿವುಡ್ಡಿನವರ ಸಂಜ್ಞೆ. ಶೃಂಗೇರಿಯಿಂದ ಕೆರೆಕಟ್ಟೆ ಮೇಲಿನ ಹೆದ್ದಾರಿಯಲ್ಲಿ ಜುಲೈ ತಿಂಗಳ ಮಳೆ ಯಾವ ಸಂಜ್ಞೆಯೂ ಅಲ್ಲ. ಹತ್ತಿರದ ಕಿಗ್ಗದ ಋಷ್ಯಶೃಂಗೇಶ್ವರ ಮಳೆ ತರಿಸುವ ದೇವರು. ಸುರಿದದ್ದು ಸಾಕಪ್ಪಾ ಅನ್ನಿಸಿದರೆ ಅವನ ಮುಂದೆಯೇ ಕೈಮುಗಿಯುತ್ತಾರೆ. ಜುಲೈಯಲ್ಲಿ ಎಂಟು ದಿನ ಹೊಳವಾದರೆ ಜಗಲಿಯ ಮೇಲೆ ಕೂತವರು ಚಿಂತೆಗೆ ಬೀಳುತ್ತಾರೆ. ಇಲ್ಲಿ ಎದೆ ಝಲ್ಲೆನ್ನಿಸಬೇಕಾದರೆ ಜೋರು ಮಳೆಯಲ್ಲಿ ಬಂದವನ ಕಂಬಳಿಕೊಪ್ಪೆ ಒಣಗಿರಬೇಕು. ಅಥವಾ ಅಪರಿಚಿತ ಅಂಗಳಕ್ಕೆ ಬಂದರೂ ಮನೆಯ ನಾಯಿ ಬೊಗಳದೆ ಬಾಲ ಆಡಿಸಬೇಕು.

ಮುಖ ಮುಚ್ಚಿಡುವ ಉಪಾಯ ಮಾತ್ರ ಇಲ್ಲಿಗೆ ಹೊಸದಲ್ಲ. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ ನೋಡಿದವರಿಗೆ ಬಣ್ಣದ ವೇಷದ ತೆರೆ ಒಡ್ಡೋಲಗ ಗೊತ್ತು. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ, ಹಿಂದಿನಿಂದ ಆರ್ಭಟ ಕೇಳುತ್ತದೆ, ಚಂಡೆ ಏರುತ್ತದೆ, ಕಿರೀಟದ ತುದಿ, ಗೆಜ್ಜೆ ಕಟ್ಟಿದ ಕಾಲು ಇಷ್ಟೇ ಕಾಣುವುದು. ಮುಖ ಯಾವಾಗ ತೋರಿಸಬೇಕೆಂಬ ಲೆಕ್ಕ ಅಲ್ಲಿ ವೇಷಧಾರಿಯ ಕೈಲಿದೆ. ಸಿನಿಮಾದಲ್ಲಿ ಬೂಟು, ಕೈಗವಸು ತೋರಿಸಿ ಇಂಟರ್ವಲ್‌ವರೆಗೆ ಎಳೆಯುವವರು ಒಂದು ರಾತ್ರಿ ಆ ತೆರೆಯ ಮುಂದೆ ಕೂರುವುದೊಳ್ಳೆಯದು.

“ಕತ್ತಿ. ಕೈ. ಕೆಂಪು ದ್ರವ. ಅದರೊಳಗಿಂದ ಹೆಸರುಗಳು ಏಳುತ್ತವೆ.”

ಶೀರ್ಷಿಕೆ ಬರುವ ಹೊತ್ತು ಒಂದು ಕಾಲಕ್ಕೆ ಜನ ಸೀಟು ಹುಡುಕುವ ಹೊತ್ತಾಗಿತ್ತು. 1955ರಲ್ಲಿ ‘ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಚಿತ್ರಕ್ಕೆ ಸಾಲ್ ಬಾಸ್ ಶೀರ್ಷಿಕೆ ಮಾಡಿದಾಗ, ಹೆಸರು ಶುರುವಾಗುವ ಮೊದಲೇ ತೆರೆ ಸರಿಸಿ ಎಂದು ರೀಲಿನ ಡಬ್ಬಿಯ ಮೇಲೆ ಚೀಟಿ ಅಂಟಿಸಬೇಕಾಯಿತು. 1995ರ ‘ಸೆವೆನ್’ನಲ್ಲಿ ಕೈಲ್ ಕೂಪರ್ ಕೊಲೆಗಾರನ ಬೆರಳು, ಬ್ಲೇಡು, ನೋಟ್‌ಬುಕ್ಕುಗಳನ್ನು ತೀರ ಹತ್ತಿರದಿಂದ ತೋರಿಸಿದ. ಅಲ್ಲಿಂದೀಚೆಗೆ ಅದರ ನಕಲು ನಿಂತಿಲ್ಲ. ನಮ್ಮಲ್ಲಿ ಸುನೀಲ್ ಕುಮಾರ್ ದೇಸಾಯಿ ‘ತರ್ಕ’ದಲ್ಲಿ (1989) ಹಾಡುಗಳನ್ನೇ ಬಿಟ್ಟು ಹೆದರಿಸಿದರು, ಅದು ಇದಕ್ಕಿಂತ ಹೆಚ್ಚಿನ ಧೈರ್ಯ.

ಆದರೆ ಈ ಸಾಲನ್ನು ಕೊಪ್ಪದ ಅಡಿಕೆ ಮನೆಯಲ್ಲಿ ಚಿತ್ರೀಕರಿಸಿದರೆ ನಕಲು ಅನ್ನುವ ಹಾಗಿಲ್ಲ. ಮೆಟ್ಟುಗತ್ತಿ ಕಾಲಡಿಗೆ, ಅಲಗು ಮೇಲಕ್ಕೆ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿದ ಕೈ ಸಿಪ್ಪೆ ಸೀಳುತ್ತದೆ, ಬೆರಳು ಅಲಗಿಗೆ ತಾಗುವಷ್ಟು ಹತ್ತಿರ. ಹಿತ್ತಿಲಲ್ಲಿ ಬೇಯಿಸುವ ಹಂಡೆ. ಬೆಂದ ಅಡಿಕೆ ಬಿಟ್ಟ ಚೊಗರು ಕುದಿಕುದಿದು ಕಡುಗೆಂಪಾಗಿ, ಅಂಟಂಟಾಗಿ ಸೌಟಿನಿಂದ ಎಳೆಯಾಗಿ ಇಳಿಯುತ್ತದೆ. ಹೊರಗಿನವನು ನೆತ್ತರು ಎಂದು ಹೌಹಾರುತ್ತಾನೆ. ಊರಿನವನು ‘ಈ ಸಲ ಬಣ್ಣ ಚೆನ್ನಾಗಿ ಬಂದಿದೆ’ ಅನ್ನುತ್ತಾನೆ. ಒಂದೇ ದೃಶ್ಯಕ್ಕೆ ಎರಡು ಪ್ರೇಕ್ಷಕವರ್ಗ. ಕೊನೆಯ ಹೆಸರು ಬರುವ ಹೊತ್ತಿಗೆ ಊರಿನವನಿಗೂ ಇದು ಬರೀ ಚೊಗರೇ ಎಂಬ ಅನುಮಾನ ಹುಟ್ಟಿಸಿದರೆ ಶೀರ್ಷಿಕೆ ಗೆದ್ದಂತೆ.

ಒಂದೇ ತೊಡಕು: ಮೂರನೆಯ ಸಾಲು ಜುಲೈ ಅಂದಿದೆ. ಹಳೆ ಚೊಗರನ್ನು ಮುಂದಿನ ಕೊಯ್ಲಿಗೆ ಕಾಪಿಡುವವರಿದ್ದಾರೆ, ನಿಜ. ಮೆಟ್ಟುಗತ್ತಿ ಮಾತ್ರ ಆಗ ಅಟ್ಟ ಸೇರಿರುತ್ತದೆ. ಮಳೆಗಾಲದಲ್ಲಿ ತೋಟದ ಕೆಲಸ ಕೊಳೆರೋಗಕ್ಕೆ ಔಷಧಿ ಹೊಡೆಯುವುದು. ಮೈಲುತುತ್ತ, ಸುಣ್ಣ ಕಲಸಿದ ಡ್ರಮ್ಮು, ನೀಲಿಗಟ್ಟಿದ ಕೈ, ನೀಲಿ ಹನಿ ಬಿದ್ದ ಮೆಟ್ಟಿಲು. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ನನ್ನ ಕೈಗೆ ಕೊಟ್ಟರೆ ಕೆಂಪು ಅಳಿಸಿ ಈ ಶೀರ್ಷಿಕೆಯನ್ನು ನೀಲಿಯಲ್ಲಿ ಬರೆಸುತ್ತಿದ್ದೆ.

“ಹಿನ್ನೀರಿನಲ್ಲಿ ಹೆಣ ತೇಲುತ್ತದೆ. ಕಟ್. ಮೂರು ತಿಂಗಳ ಹಿಂದೆ.”

ಹಿನ್ನೀರು ನರಸಿಂಹರಾಜಪುರದ್ದು, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ತಂದು ನಿಲ್ಲಿಸಿದ ನೀರು. ಮೊದಲು ಹೆಣ ತೋರಿಸಿ ಆಮೇಲೆ ಹಿಂದಕ್ಕೆ ಹೋಗುವುದು ಈಗ ಸವಕಲಾದ ತಂತ್ರ, ಎಷ್ಟೋ ಸಲ ಸೋಮಾರಿತನ. ಇಲ್ಲಿ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಜುಲೈಗೆ ಮೂರು ತಿಂಗಳ ಹಿಂದೆ ಎಂದರೆ ಏಪ್ರಿಲ್. ಆಗ ನೀರು ಇಳಿದು ಅಂಚಿನುದ್ದಕ್ಕೂ ನೆಲ ತೆರೆದಿರುತ್ತದೆ, ದನ ಮೇಯುತ್ತವೆ. ಕೊಲೆ ನಡೆದ ಜಾಗದಲ್ಲಿ ಆಗ ಜೀಪು ನಿಲ್ಲಿಸಬಹುದಾಗಿತ್ತು. ಈಗ ಅದರ ಮೇಲೆ ಹೊಸ ಮಳೆಯ ನೀರು ಏರುತ್ತಿದೆ. ಸ್ಥಳ ಮಹಜರು ಮಾಡಬೇಕೆಂದರೆ ಇನ್ಸ್‌ಪೆಕ್ಟರ್ ಮುಂದಿನ ಬೇಸಿಗೆವರೆಗೆ ಕಾಯಬೇಕು, ಆರೋಪಿಗೆ ಅಷ್ಟು ಸಮಯ ಸಾಕು.