ಕತ್ತರಿ ಯಾರ ಕೈಯಲ್ಲಿ?

ಕನ್ನಡ ಕಾವ್ಯದ ಮುಂಗುರುಳು ಸಾಮಾನ್ಯವಾಗಿ ತಾನಾಗಿಯೇ ಹಣೆಯ ಮೇಲೆ ಬೀಳುತ್ತದೆ. ಗಾಳಿ ಅದನ್ನು ಹಾರಿಸುತ್ತದೆ, ಬೆವರು ಅಂಟಿಸುತ್ತದೆ, ಇನ್ನಾರದೋ ಕಣ್ಣು ನೋಡಿ ಮೆಚ್ಚುತ್ತದೆ. ಕುರುಳಿನ ಒಡತಿಗೆ ಅಲ್ಲಿ ಮಾಡುವ ಕೆಲಸವೇ ಇಲ್ಲ.

ಈಗ ಕುಮಾರ ಪಾರ್ಕಿನ ಮನೆಯೊಂದರಲ್ಲಿ ಕನ್ನಡಿಯೆದುರು ಕತ್ತರಿ ಹಿಡಿದು ನಿಂತ ಕಾಲೇಜು ಹುಡುಗಿಯನ್ನು ಊಹಿಸಿಕೊಳ್ಳಿ. ಅವಳು 'ಬ್ಯಾಂಗ್ಸ್' ಎನ್ನುವುದನ್ನು ಅವಳ ಅಜ್ಜಿ 'ಸಾಧನಾ ಕಟ್' ಎಂದಾರು. 1960ರ 'ಲವ್ ಇನ್ ಸಿಮ್ಲಾ' ಹಿಂದಿ ಚಿತ್ರದಲ್ಲಿ ಸಾಧನಾ ಅವರ ಅಗಲ ಹಣೆಯನ್ನು ಮರೆಮಾಡಲು ಆಡ್ರೆ ಹೆಪ್‌ಬರ್ನ್ ಮಾದರಿಯಲ್ಲಿ ಮಾಡಿಸಿದ ಕಟ್ ಅದು. ಆ ಯೋಚನೆ ನಿರ್ದೇಶಕ ಆರ್.ಕೆ. ನಯ್ಯರ್ ಅವರದು. ಅಂದರೆ ಅಲ್ಲಿಯೂ ತೀರ್ಮಾನ ಬೇರೆಯವರದೇ.

ಹೆಣ್ಣಿನ ತಲೆಗೂದಲಿನ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ನೇರವಾಗಿ ಎತ್ತಿದ ಕೃತಿ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ಕೇಶಮುಂಡನಕ್ಕೆ ಒಳಗಾಗಿ ಮಡಿ ಹೆಂಗಸಾಗಿ ಬಾಳುತ್ತಾಳೆ. ಮುಂದೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಇದನ್ನು ಕರುಣೆ ಎಂದಷ್ಟೇ ಓದಿದರೆ ಸಾಲದು. 'ನಾನು ಸಹಿಸಿದ್ದೇನೆ, ನೀನೂ ಸಹಿಸು' ಎನ್ನುವುದು ಸಂಪ್ರದಾಯ ಉಳಿದುಬರುವ ಸುಲಭದ ದಾರಿ. ಫಣಿಯಮ್ಮ ಆ ದಾರಿಯನ್ನೇ ಮುಚ್ಚುತ್ತಾಳೆ. ಆದರೆ ತನಗಾಗಿ ಏನನ್ನೂ ಕೇಳುವುದಿಲ್ಲ. ಕಾದಂಬರಿಯ ದೊಡ್ಡತನವೂ ನೋವೂ ಇರುವುದು ಅಲ್ಲೇ.

ಬ್ಯಾಂಗ್ಸ್ ಮತ್ತು ಕೇಶಮುಂಡನವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂದು ನೀವು ಕೇಳಬಹುದು. ತೂಗಬಾರದು. ಒಂದು ಶಿಕ್ಷೆ, ಇನ್ನೊಂದು ಷೋಕಿ. ಆದರೆ ಷೋಕಿ ಎಂದು ನಾವು ಇಷ್ಟು ಹಗುರವಾಗಿ ಹೇಳಲು ಸಾಧ್ಯವಾಗಿರುವುದೇ ದಾಕ್ಷಾಯಿಣಿಯಂಥವರ 'ಒಲ್ಲೆ'ಯಿಂದ. ಅವಳಿಗೆ ಬೇಕಾಗಿದ್ದದ್ದು ಕತ್ತಿಯನ್ನು ತಡೆಯುವ ಹಕ್ಕು. ನಮ್ಮ ಹುಡುಗಿಗೆ ಬೇಕಾಗಿರುವುದು ಕತ್ತರಿ ಹಿಡಿಯುವ ಹಕ್ಕು. ಎರಡನೆಯದು ಮೊದಲನೆಯದರ ಮುಂದಿನ ಹೆಜ್ಜೆ.

ಈ ಹಕ್ಕಿನ ಜೊತೆಗೆ ಒಂದಿಷ್ಟು ಕಸುಬೂ ಬೇಕು. ಒದ್ದೆ ಕೂದಲು ಉದ್ದವಾಗಿ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೇರುತ್ತದೆ. ಗುಂಗುರು ಕೂದಲಾದರೆ ಇನ್ನೂ ಹೆಚ್ಚು. ಹಾಗಾಗಿ ಒಣಗಿದ ಕೂದಲನ್ನೇ ಕತ್ತರಿಸಬೇಕು. ಹಣೆಯ ಮೇಲೆ ತ್ರಿಕೋನದಷ್ಟು ಕೂದಲನ್ನು ಬೇರೆ ಮಾಡಿ, ಉಳಿದದ್ದನ್ನು ಹಿಂದಕ್ಕೆ ಕಟ್ಟಿ, ಕತ್ತರಿಯನ್ನು ನೆಟ್ಟಗೆ ಹಿಡಿದು ತುದಿಯಿಂದ ಸ್ವಲ್ಪಸ್ವಲ್ಪವೇ ತೆಗೆಯಬೇಕು. ಅಡ್ಡಕ್ಕೆ ಒಂದೇ ಸಲ ಕತ್ತರಿಸಿದರೆ ಗೆರೆ ಎಳೆದಂತೆ ಕಾಣುತ್ತದೆ.

ಅಷ್ಟಾದರೂ ಒಂದು ಬದಿ ಗಿಡ್ಡವಾಗಬಹುದು. ಕಾವ್ಯದ ಮುಂಗುರುಳು ಎಂದೂ ಕೆಡುವುದಿಲ್ಲ, ಅದನ್ನು ಯಾರೂ ಕತ್ತರಿಸಿಲ್ಲವಲ್ಲ. ಇದು ಕೆಡಬಹುದು, ಮತ್ತೆ ಬೆಳೆಯಬಹುದು. ನೋಡುವವರ ಕಣ್ಣಿನಿಂದ ಸಾಕಷ್ಟು ವರ್ಣಿಸಿಯಾಗಿರುವ ಮುಂಗುರುಳನ್ನು ಕತ್ತರಿ ಹಿಡಿದವಳ ಕಡೆಯಿಂದ ಬರೆಯುವ ಕೆಲಸ ನಮ್ಮ ಹೊಸ ಬರಹಗಾರ್ತಿಯರಿಗೆ ಇನ್ನೂ ಬೇಕಾದಷ್ಟು ಉಳಿದಿದೆ.