ರಕ್ತದೊಳಗಿನ ಹಮಾಲ

ಮೊಣಕಾಲು ನೋವಿಗೆಂದು ಕೋಸಗಿಯ ಔಷಧ ಅಂಗಡಿಯಲ್ಲಿ ಐಬುಪ್ರೊಫೆನ್ ಕೊಳ್ಳುವ ಹಿರಿಯರಿಗೆ, ಆ ಗುಳಿಗೆಯ ಮದ್ದನ್ನು ಮೈಯೆಲ್ಲ ಹೊತ್ತು ತಿರುಗುವ ಹಮಾಲನ ಪರಿಚಯ ಇರಲಿಕ್ಕಿಲ್ಲ. ಅವನ ಹೆಸರು ಆಲ್ಬುಮಿನ್.

585 ಅಮೈನೋ ಆಮ್ಲಗಳ ಒಂದೇ ಸರಪಳಿಯಾದ ಈ ಪ್ರೋಟೀನು ಲಿವರಿನಲ್ಲಿ ತಯಾರಾಗುತ್ತದೆ. ಆರೋಗ್ಯವಂತರ ಒಂದು ಲೀಟರ್ ಸೀರಂನಲ್ಲಿ 35ರಿಂದ 50 ಗ್ರಾಂ ಇರುತ್ತದೆ. ಕೊಬ್ಬಿನಾಮ್ಲ, ಬಿಲಿರುಬಿನ್, ಕ್ಯಾಲ್ಸಿಯಂ ಯಾವುದಕ್ಕೂ ಒಲ್ಲೆ ಎನ್ನದು.

ಶೇಂಗಾ, ಬೇಳೆ, ಹಾಲಿನಿಂದ ಬರುವ ಅಮೈನೋ ಆಮ್ಲಗಳು ಸಾಮಾನ್ಯವಾಗಿ ರಕ್ತದಲ್ಲಿ ಬಿಡಿಯಾಗಿಯೇ ಓಡಾಡುತ್ತವೆ. ಟ್ರಿಪ್ಟೊಫಾನ್ ಮಾತ್ರ ಬೇರೆ: ಅದರ ಮುಕ್ಕಾಲು ಪಾಲಿಗೂ ಹೆಚ್ಚು ಆಲ್ಬುಮಿನ್ನಿಗೆ ಅಂಟಿಕೊಂಡಿರುತ್ತದೆ. 1958ರಲ್ಲಿ ಮ್ಯಾಕ್‌ಮೆನಮಿ ಮತ್ತು ಆನ್‌ಕ್ಲಿ ಎಂಬ ವಿಜ್ಞಾನಿಗಳು ಈ ನಂಟನ್ನು ತೋರಿಸಿದರು. ಸಂಧಿವಾತದ ಹಳೆಯ ಮದ್ದಾದ ಸ್ಯಾಲಿಸಿಲೇಟ್ ಬಂದರೆ ಟ್ರಿಪ್ಟೊಫಾನ್ ಜಾಗ ಬಿಡಬೇಕಾಗುತ್ತದೆ ಎಂಬುದು ಮುಂದಿನ ದಶಕಗಳ ಪ್ರಯೋಗಗಳಲ್ಲಿ ತಿಳಿಯಿತು. ಐಬುಪ್ರೊಫೆನ್ ಮುಖ್ಯವಾಗಿ ಕೂರುವುದೂ ಟ್ರಿಪ್ಟೊಫಾನ್ ಕೂರುವ ಗೂಡಿನಲ್ಲೇ.

ಹೀಗೆ ಬಿಡುಗಡೆಯಾದ ಟ್ರಿಪ್ಟೊಫಾನ್ ಅಂಗಾಂಶಗಳಿಗೆ ಸೇರುತ್ತದೆ. ಮಿದುಳು ಅದರಿಂದಲೇ ಸೆರೊಟೊನಿನ್ ತಯಾರಿಸುತ್ತದೆ. ಆದರೆ ಗುಳಿಗೆ ನೋವು ತಗ್ಗಿಸುವುದು ಈ ದಾರಿಯಿಂದಲ್ಲ. ನೋವು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ತಡೆಯುವುದೇ ಅದರ ಮುಖ್ಯ ಕೆಲಸ.

ಬಿಗಿಯಾಗಿ ಹಿಡಿಯದೆ, ಬೇಕಾದಾಗ ಬಿಟ್ಟುಕೊಡುವುದೇ ಆಲ್ಬುಮಿನ್ನಿನ ಜಾಣತನ. ಲಿವರ್ ಅಥವಾ ಕಿಡ್ನಿ ಕಾಯಿಲೆಯಿಂದ ಅದು ಕಡಿಮೆಯಾದರೆ ರಕ್ತದಲ್ಲಿ ಬಿಡಿ ಮದ್ದಿನ ಪಾಲು ಏರಬಹುದು. ಅಂಥವರು ಡಾಕ್ಟರನ್ನು ಕೇಳದೆ ನೋವಿನ ಗುಳಿಗೆ ನುಂಗಬಾರದು.